ಡಿಜಿಟಲ್ ಕೌಶಲದ ಅಳತೆ ಮತ್ತು ಅಧಿಕಾರದ ಪ್ರಶ್ನೆ

ಒಂದು ದೇಶದ ಜನರಲ್ಲಿ ಎಷ್ಟು ಮಂದಿಗೆ ಕಂಪ್ಯೂಟರು, ಮೊಬೈಲು, ಅಂತರಜಾಲಗಳನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳಲು ಬರುತ್ತದೆ ಎಂದು ಲೆಕ್ಕ ಹಾಕುವುದು, ಬಾರದವರಿಗೆ ಕಲಿಸುವುದು ಇಂದು ಎಲ್ಲ ಸರ್ಕಾರಗಳ ಕೆಲಸವಾಗಿದೆ. ಮೇಲ್ನೋಟಕ್ಕೆ ಇದು ಅಂಕಿಸಂಖ್ಯೆಗೂ ಆಡಳಿತಕ್ಕೂ ಸೇರಿದ ವಿಷಯ. ಆದರೆ ಅಳೆಯಲು ಹೊರಟ ಕೂಡಲೇ ಮೂರು ತಾತ್ವಿಕ ಪ್ರಶ್ನೆಗಳು ಎದುರಾಗುತ್ತವೆ. ಒಬ್ಬರಿಗೆ ಒಂದು ಕೆಲಸ ಬರುತ್ತದೆ ಎಂದು ಯಾವ ಆಧಾರದ ಮೇಲೆ ಹೇಳಬೇಕು? ಆ ಕೌಶಲ ಒಬ್ಬ ವ್ಯಕ್ತಿಯದೋ, ಮನೆಯದೋ, ಊರಿನದೋ? ಬರುವುದಿಲ್ಲ ಎಂದು ಗೊತ್ತಾದವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆಯೋ ಇಲ್ಲವೋ? ಮೊದಲನೆಯದು ಜ್ಞಾನದ ಸ್ವರೂಪವನ್ನು ಕುರಿತದ್ದು, ಎರಡನೆಯದು ವ್ಯಕ್ತಿ ಮತ್ತು ಸಮುದಾಯದ ಸಂಬಂಧವನ್ನು ಕುರಿತದ್ದು, ಮೂರನೆಯದು ನ್ಯಾಯವನ್ನು ಕುರಿತದ್ದು. ಮೂರನೆಯ ಪ್ರಶ್ನೆಯನ್ನು ಭಾರತೀಯ ದರ್ಶನಗಳು ‘ಅಧಿಕಾರ’ ಎಂಬ ಹೆಸರಿನಲ್ಲಿ ಬಹಳ ಹಿಂದೆಯೇ ಚರ್ಚಿಸಿವೆ. ಉಳಿದೆರಡು ಪ್ರಶ್ನೆಗಳ ಉತ್ತರವೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ.

ನೆಲ ಮತ್ತು ಜನ

ಈ ಪ್ರಶ್ನೆಗಳ ತೂಕ ಒಂದು ನೆಲದ ಮೇಲೆ ಇಟ್ಟು ನೋಡಿದಾಗ ತಿಳಿಯುತ್ತದೆ. ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳು ಅದಕ್ಕೆ ತಕ್ಕವು. ಎರಡೂ ಹಳೆಯ ಮದುರೆ ಜಿಲ್ಲೆಯಿಂದ ಬೇರ್ಪಟ್ಟವು. ದಿಂಡಿಗಲ್ 1985ರಲ್ಲಿ, ತೇನಿ ಸುಮಾರು ಒಂದು ದಶಕದ ಬಳಿಕ. 2011ರ ಜನಗಣತಿಯಂತೆ ದಿಂಡಿಗಲ್ಲಿನ ಜನಸಂಖ್ಯೆ ಸುಮಾರು 21.6 ಲಕ್ಷ, ತೇನಿಯದು ಸುಮಾರು 12.5 ಲಕ್ಷ. ತೇನಿಯ ನೈಋತ್ಯಕ್ಕೆ ಎರಡು ಬೆಟ್ಟಸಾಲುಗಳ ನಡುವೆ ಕಂಬಂ ಕಣಿವೆ ಚಾಚಿಕೊಂಡಿದೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಘಟ್ಟ ದಾಟಿ ಬರುವ ನೀರು ಇಲ್ಲಿನ ಗದ್ದೆ, ತೋಟಗಳನ್ನು ಬೆಳೆಸಿದೆ. ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ, ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ತಮಿಳಿನ ಜೊತೆಗೆ ತೆಲುಗು, ಕನ್ನಡ ಮನೆಮಾತಾಗಿರುವ ಕುಟುಂಬಗಳು ಇಲ್ಲಿ ತಲೆತಲಾಂತರದಿಂದ ನೆಲೆಸಿವೆ. ಕಂಬಂ ಸುತ್ತಿನ ಬೇಸಾಯಗಾರರಾದ ಒಕ್ಕಲಿಗರು, ಅನುಪ್ಪರು, ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ದೇವಾಂಗ ನೇಕಾರರು ಇವರಲ್ಲಿ ಮುಖ್ಯರು. ಕಂಬಂನ ಒಕ್ಕಲಿಗರನ್ನು ಹಳೆಯ ಬ್ರಿಟಿಷ್ ದಾಖಲೆಗಳು ಕಾಪ್ಪಿಲಿಯರು ಎಂದು ಕರೆದಿವೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮತ್ತು ಸಂತೆಯಲ್ಲಿ ತಮಿಳು, ಇದು ಈ ಕುಟುಂಬಗಳ ರೂಢಿ. ಕನ್ನಡ ಇವರಿಗೆ ಆಡುವ, ಕೇಳುವ ಭಾಷೆ. ಓದುವ ಬರೆಯುವ ಭಾಷೆ ತಮಿಳು.

ದುಡಿಮೆಯಲ್ಲಿಯೂ ಈ ನೆಲ ಎರಡು ಲೋಕಗಳಿಗೆ ಸೇರಿದೆ. ಬೋಡಿನಾಯಕನೂರಿನಲ್ಲಿಯೂ ಗಡಿಯಾಚೆ ಇಡುಕ್ಕಿ ಜಿಲ್ಲೆಯ ಪುಟ್ಟಡಿಯಲ್ಲಿಯೂ ಸಾಂಬಾರ ಮಂಡಳಿಯ ವ್ಯವಸ್ಥೆಯಲ್ಲಿ ಏಲಕ್ಕಿಯ ಇ-ಹರಾಜು ನಡೆಯುತ್ತದೆ. ಬೆಲೆ ನಿಗದಿಯಾಗುವುದು ಕಂಪ್ಯೂಟರಿನ ಪರದೆಯ ಮೇಲೆ. ಆ ಏಲಕ್ಕಿಯನ್ನು ಬಿಡಿಸುವವರಲ್ಲಿ ಹಲವರು ಕಂಬಂ, ಬೋಡಿ ಕಡೆಯ ಹೆಂಗಸರು. ಬೆಳಗ್ಗೆ ಜೀಪು ಹತ್ತಿ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟುಗಳ ದಾರಿಯಲ್ಲಿ ಕೇರಳದ ತೋಟಗಳಿಗೆ ಹೋಗಿ ಸಂಜೆಗೆ ಮರಳುತ್ತಾರೆ. ಹೀಗೆ ಒಂದೇ ಕಾಯಿಯ ಪಯಣದಲ್ಲಿ ಅಳತೆಗೆ ಸಿಗುವ ಡಿಜಿಟಲ್ ಕೌಶಲವೂ ಅಳತೆಗೆ ಸಿಗದ ಕೈಕೆಲಸವೂ ಸೇರಿಕೊಂಡಿವೆ.

ಅಳತೆಯ ಚರಿತ್ರೆ

ಜನರ ತಿಳಿವಳಿಕೆಯನ್ನು ಎಣಿಸುವ ಕೆಲಸ ಭಾರತಕ್ಕೆ ಹೊಸದಲ್ಲ. 1911ರ ಜನಗಣತಿಯಲ್ಲಿ ಸ್ನೇಹಿತನಿಗೆ ಕಾಗದ ಬರೆದು ಅವನ ಉತ್ತರವನ್ನು ಓದಬಲ್ಲವನನ್ನು ಅಕ್ಷರಸ್ಥ ಎಂದು ಪರಿಗಣಿಸಲಾಯಿತು. ಸ್ವತಂತ್ರ ಭಾರತದ ಈಚಿನ ಜನಗಣತಿಗಳು ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟು, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರನ್ನು ಅಕ್ಷರಸ್ಥರೆಂದು ಎಣಿಸಿವೆ. ಎರಡು ವ್ಯಾಖ್ಯೆಗಳಲ್ಲಿಯೂ ಗಮನಿಸಬೇಕಾದ ಒಂದು ಅಂಶವಿದೆ. ಹಳೆಯ ವ್ಯಾಖ್ಯೆ ಒಂದು ಸಂಬಂಧವನ್ನು, ಅಂದರೆ ಇಬ್ಬರ ನಡುವಿನ ಪತ್ರವ್ಯವಹಾರವನ್ನು, ಆಧಾರವಾಗಿಟ್ಟುಕೊಂಡಿತ್ತು. ಹೊಸದು ಒಬ್ಬ ವ್ಯಕ್ತಿಯ ಸಾಮರ್ಥ್ಯವನ್ನು ಮಾತ್ರ ಕೇಳುತ್ತದೆ.

ಡಿಜಿಟಲ್ ಕೌಶಲದ ಅಳತೆ ಹೊಸ ಬಗೆಯದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದರ ಅಡಿಯಲ್ಲಿ ಎರಡು ಸೂಚಕಗಳಿವೆ. ಮೊದಲನೆಯದು ಯುವಜನರು ಮತ್ತು ವಯಸ್ಕರಲ್ಲಿ ಮಾಹಿತಿ ತಂತ್ರಜ್ಞಾನದ ಕೌಶಲ ಎಷ್ಟು ಮಂದಿಗಿದೆ ಎಂದು ಕೇಳುತ್ತದೆ. ಎರಡನೆಯದು ಡಿಜಿಟಲ್ ಸಾಕ್ಷರತೆಯ ಕನಿಷ್ಠ ಮಟ್ಟವನ್ನು ಎಷ್ಟು ಮಂದಿ ಮುಟ್ಟಿದ್ದಾರೆ ಎಂದು ಕೇಳುತ್ತದೆ. ಮೊದಲನೆಯದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ರೂಪಿಸಿದ ವಿಧಾನ ಸರಳವಾದದ್ದು: ಕಳೆದ ಮೂರು ತಿಂಗಳಲ್ಲಿ ಕಡತ ನಕಲು ಮಾಡಿದ್ದುಂಟೆ, ಲಗತ್ತಿನೊಡನೆ ಇ-ಮೇಲ್ ಕಳಿಸಿದ್ದುಂಟೆ, ಲೆಕ್ಕದ ಹಾಳೆಯಲ್ಲಿ ಸೂತ್ರ ಬಳಸಿದ್ದುಂಟೆ ಎಂದು ಕೇಳಿ ಗುರುತು ಹಾಕಿಕೊಳ್ಳುವುದು. ಎರಡನೆಯದಕ್ಕಾಗಿ ಯುನೆಸ್ಕೊ 2018ರಲ್ಲಿ ಒಂದು ಜಾಗತಿಕ ಚೌಕಟ್ಟನ್ನು ಪ್ರಕಟಿಸಿತು. 2013ರಲ್ಲಿ ಯುರೋಪಿನ ಆಯೋಗ ಸಿದ್ಧಪಡಿಸಿದ ‘ಡಿಜ್‌ಕಾಂಪ್’ ಚೌಕಟ್ಟು ಅದಕ್ಕೆ ಆಧಾರ. ಮಾಹಿತಿ, ಸಂವಹನ, ವಿಷಯ ರಚನೆ, ಸುರಕ್ಷತೆ, ಸಮಸ್ಯೆ ಬಿಡಿಸುವಿಕೆ ಎಂಬ ಐದು ಕ್ಷೇತ್ರಗಳಿಗೆ ಯುನೆಸ್ಕೊ ಉಪಕರಣಗಳ ಬಳಕೆ ಮತ್ತು ವೃತ್ತಿಗೆ ಬೇಕಾದ ಕೌಶಲ ಎಂಬ ಎರಡನ್ನು ಸೇರಿಸಿತು.

ಭಾರತದಲ್ಲಿ ಈ ಅಳತೆ ಮೂರು ದಾರಿಗಳಲ್ಲಿ ನಡೆದಿದೆ. ಮೊದಲನೆಯದು ಕೇಳಿ ತಿಳಿಯುವುದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ ಐದು ವರ್ಷ ಮೇಲ್ಪಟ್ಟವರಲ್ಲಿ ಶೇ. 16.5ರಷ್ಟು ಮಂದಿಗೆ ಕಂಪ್ಯೂಟರ್ ಬಳಸಲು, ಶೇ. 20.1ರಷ್ಟು ಮಂದಿಗೆ ಅಂತರಜಾಲ ಬಳಸಲು ಬರುತ್ತದೆ ಎಂದು ಕಂಡುಬಂತು. ಹಳ್ಳಿಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 9.9 ಮತ್ತು ಶೇ. 13 ಮಾತ್ರ. ಎರಡನೆಯದು ಕಲಿಸಿ ಪ್ರಮಾಣಪತ್ರ ಎಣಿಸುವುದು. 2017ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರು ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಂತೆ 20 ಗಂಟೆಗಳ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. 2024ರ ಮಾರ್ಚ್‌ನಲ್ಲಿ ಅದು ಮುಗಿಯುವ ಹೊತ್ತಿಗೆ ಸುಮಾರು 6.39 ಕೋಟಿ ಜನ ತರಬೇತಿ ಪಡೆದಿದ್ದರು. ಪರೀಕ್ಷೆಯಲ್ಲಿ ಗೆದ್ದು ಪ್ರಮಾಣಪತ್ರ ಪಡೆದವರು ಸುಮಾರು 4.77 ಕೋಟಿ. ಮೂರನೆಯದು ಮಾಡಿಸಿ ನೋಡುವುದು. 2023ರ ‘ಅಸರ್’ ಸಮೀಕ್ಷೆ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರ ಕೈಗೆ ಫೋನು ಕೊಟ್ಟು ಅಲಾರಾಂ ಇಡಿಸಿತು, ಮಾಹಿತಿ ಹುಡುಕಿಸಿತು, ನಕ್ಷೆಯಲ್ಲಿ ದಾರಿ ಕಂಡುಹಿಡಿಸಿತು, ವಿಡಿಯೋ ಹಂಚಿಸಿತು.

ಘಟ್ಟದಾಚೆಯ ಕೇರಳ ಈ ದಾರಿಗಳನ್ನು ಒಂದುಗೂಡಿಸಿತು. ‘ಡಿಜಿ ಕೇರಳ’ ಯೋಜನೆಯಲ್ಲಿ ಸ್ಥಳೀಯ ಸಂಸ್ಥೆಗಳ ಸ್ವಯಂಸೇವಕರು ಸುಮಾರು 83 ಲಕ್ಷ ಮನೆಗಳಿಗೆ ಹೋಗಿ ಒಂದೂವರೆ ಕೋಟಿ ಜನರ ಸಮೀಕ್ಷೆ ನಡೆಸಿದರು. ಡಿಜಿಟಲ್ ಅನಕ್ಷರಸ್ಥರೆಂದು ಕಂಡ ಸುಮಾರು 22 ಲಕ್ಷ ಮಂದಿಗೆ ಕಲಿಸಿದರು. 2025ರ ಆಗಸ್ಟ್ 21ರಂದು ರಾಜ್ಯ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ಎಂದು ಘೋಷಿಸಿಕೊಂಡಿತು. ಆ ಗಣನೆ ಕೇರಳದ ಮನೆಗಳನ್ನು ಆಧರಿಸಿದ್ದು. ಹಗಲೆಲ್ಲ ಇಡುಕ್ಕಿಯ ತೋಟದಲ್ಲಿದ್ದು ರಾತ್ರಿ ಕಂಬಂನಲ್ಲಿ ಮಲಗುವ ಕೂಲಿಯಾಳು ಅದರಲ್ಲಿ ಬರುವುದಿಲ್ಲ. ಆಕೆಯ ದುಡಿಮೆ ಒಂದು ರಾಜ್ಯದ್ದು, ಆಕೆಯ ಕಲಿಕೆಯ ಹೊಣೆ ಇನ್ನೊಂದರದ್ದು.

ತಿಳಿಯುವುದು ಮತ್ತು ಮಾಡುವುದು

ಮೊದಲ ಪ್ರಶ್ನೆ, ಕೌಶಲವಿದೆ ಎಂಬುದಕ್ಕೆ ಏನು ಆಧಾರ ಎಂಬುದು. ಬ್ರಿಟಿಷ್ ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿಷಯವೊಂದು ಹೀಗಿದೆ ಎಂದು ತಿಳಿಯುವುದಕ್ಕೂ ಕೆಲಸವೊಂದನ್ನು ಹೇಗೆ ಮಾಡಬೇಕೆಂದು ತಿಳಿಯುವುದಕ್ಕೂ ಇರುವ ಅಂತರವನ್ನು ವಿವರಿಸಿದ. ಎರಡನೆಯದನ್ನು ಮೊದಲನೆಯದಕ್ಕೆ ಇಳಿಸಲಾಗದು ಎಂಬುದು ಅವನ ವಾದ. ನಿಯಮಗಳನ್ನೆಲ್ಲ ಬಾಯಿಪಾಠ ಒಪ್ಪಿಸುವವನಿಗೆ ಕೆಲಸ ಬಾರದೆ ಇರಬಹುದು. ಕೆಲಸ ಚೆನ್ನಾಗಿ ಬಲ್ಲವನಿಗೆ ನಿಯಮ ಹೇಳಲು ಬಾರದೆ ಇರಬಹುದು. ನ್ಯಾಯದರ್ಶನ ಇದಕ್ಕೆ ಹತ್ತಿರವಾದ ನಿಲುವನ್ನು ಬೇರೆ ದಿಕ್ಕಿನಿಂದ ತಲುಪಿತ್ತು. ಜ್ಞಾನ ಸರಿಯೋ ತಪ್ಪೋ ಎಂಬುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸಿತೆ ಎಂಬುದರಿಂದ ಗೊತ್ತಾಗುತ್ತದೆ ಎಂದು ವಾತ್ಸ್ಯಾಯನನ ಭಾಷ್ಯ ಹೇಳುತ್ತದೆ. ಕನ್ನಡದ ಶರಣರು ಇದನ್ನು ಬದುಕಿನ ನಿಯಮವನ್ನಾಗಿಯೇ ಮಾಡಿದರು. ಅರಿವು ನಡೆಯಲ್ಲಿ ಕಾಣದಿದ್ದರೆ ಅದನ್ನು ಅವರು ಅರಿವೆಂದು ಒಪ್ಪಲಿಲ್ಲ. ಕಾಯಕದಿಂದ ಬೇರೆಯಾದ ಜ್ಞಾನಕ್ಕೆ ಬೆಲೆ ಕೊಡಲಿಲ್ಲ. ದೇವಾಂಗರು ತಮ್ಮ ಗುರುಪರಂಪರೆಯಲ್ಲಿ ಪೂಜಿಸುವ ದೇವರ ದಾಸಿಮಯ್ಯ ಸ್ವತಃ ನೇಕಾರನಾಗಿದ್ದ ವಚನಕಾರ.

ಈ ದೃಷ್ಟಿಯಿಂದ ನೋಡಿದರೆ ಮೂರು ದಾರಿಗಳ ಬೆಲೆ ಬೇರೆಬೇರೆ. ‘ನಿಮಗೆ ಬರುತ್ತದೆಯೆ’ ಎಂದು ಕೇಳಿ ಪಡೆದ ಉತ್ತರ ವ್ಯಕ್ತಿ ತನ್ನ ಬಗ್ಗೆ ಏನು ನಂಬಿದ್ದಾನೆ ಎಂಬುದನ್ನು ಹೇಳುತ್ತದೆ. ವಸ್ತುನಿಷ್ಠ ಪ್ರಶ್ನೆಪತ್ರಿಕೆ ಅವನು ಏನು ನೆನಪಿಟ್ಟುಕೊಂಡಿದ್ದಾನೆ ಎಂಬುದನ್ನು ಹೇಳುತ್ತದೆ. ಕೈಗೆ ಉಪಕರಣ ಕೊಟ್ಟು ಮಾಡಿಸಿ ನೋಡುವುದೊಂದೇ ಕೌಶಲದ ಹತ್ತಿರಕ್ಕೆ ಹೋಗುತ್ತದೆ. ಅಸರ್ ಸಮೀಕ್ಷೆ ಅದೇ ಯುವಜನರ ಓದಿನ ಪರೀಕ್ಷೆಯನ್ನೂ ನಡೆಸಿ, ನಾಲ್ವರಲ್ಲಿ ಒಬ್ಬರು ತಮ್ಮ ಭಾಷೆಯ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರು ಎಂದು ಕಂಡುಕೊಂಡಿತು. ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದವರ ಪ್ರಮಾಣವಾದರೋ ಶೇ. 90ರ ಆಸುಪಾಸಿನಲ್ಲಿತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಇಲ್ಲಿ ಮರಳಿ ಯೋಚಿಸಬೇಕಾಗುತ್ತದೆ. ಆ ಒಕ್ಕಾಲು ಓದೂ ಇಲ್ಲದ ಕಡೆ ಪರದೆಯ ಮೇಲೆ ಓಡಾಡುವ ಬೆರಳು ಎಷ್ಟು ದೂರ ಹೋದೀತು?

ಮಾಡಿಸಿ ನೋಡುವ ಪರೀಕ್ಷೆಗೂ ಒಂದು ಮಿತಿ ಇದೆ. ಕರ್ಮವನ್ನು ಮಾಡಬಹುದು, ಬಿಡಬಹುದು, ಬೇರೊಂದು ಬಗೆಯಲ್ಲಿಯೂ ಮಾಡಬಹುದು, ಅದು ಕರ್ತೃವಿನ ಅಧೀನ ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ವಿವರಿಸುತ್ತಾರೆ. ಕೌಶಲದ ಪೂರ್ಣತೆ ಈ ಮೂರರಲ್ಲಿಯೂ ಇದೆ. ಬಂದ ಲಿಂಕನ್ನು ಒತ್ತದಿರುವುದು, ಬ್ಯಾಂಕಿನವರೆಂದು ಹೇಳಿಕೊಂಡವರಿಗೆ ಒಟಿಪಿ ಹೇಳದಿರುವುದು, ಸುಳ್ಳೆಂದು ಅನುಮಾನ ಬಂದ ಸುದ್ದಿಯನ್ನು ಮುಂದೆ ಕಳಿಸದಿರುವುದು, ಇವು ಇಂದಿನ ಡಿಜಿಟಲ್ ಬದುಕಿನ ಅತಿ ಮುಖ್ಯವಾದ ಕೌಶಲಗಳು. ಇವೆಲ್ಲ ಮಾಡದಿರುವ ಕೌಶಲಗಳು. ‘ಮೂರು ತಿಂಗಳಲ್ಲಿ ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ಇವು ಸಿಗುವುದಿಲ್ಲ. ಹಣ ಕಳಿಸಲು ಕಲಿತು ವಿವೇಕ ಕಲಿಯದವನು ಅಂಕಿಪಟ್ಟಿಯಲ್ಲಿ ಕುಶಲಿ ಎನಿಸಿಕೊಂಡು ಬದುಕಿನಲ್ಲಿ ಮೋಸ ಹೋಗುತ್ತಾನೆ.

ಬೋಡಿನಾಯಕನೂರಿನ ಹರಾಜು ಇನ್ನೊಂದು ಸಂಗತಿಯನ್ನು ತೋರಿಸುತ್ತದೆ. ವ್ಯಾಪಾರಿ ಏಲಕ್ಕಿಯ ಮಾದರಿಯನ್ನು ಅಂಗೈಯಲ್ಲಿ ಹರಡಿ ಬಣ್ಣ, ಗಾತ್ರ, ತುಂಬಿದ ಕಾಯಿಗಳ ಪ್ರಮಾಣ ನೋಡಿ, ಆಮೇಲೆ ಪರದೆಯ ಮೇಲೆ ಬೆಲೆ ಏರಿಸುತ್ತಾನೆ. ಗುಂಡಿ ಒತ್ತುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಎಷ್ಟಕ್ಕೆ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ವರ್ಷಗಳ ಅನುಭವದಿಂದ ಬರುವಂಥದ್ದು. ಡಿಜಿಟಲ್ ಕೌಶಲ ತಾನಾಗಿ ನಿಲ್ಲುವ ವಸ್ತುವಲ್ಲ. ಅದಕ್ಕಿಂತ ಹಳೆಯದಾದ, ಆಳವಾದ ಒಂದು ವೃತ್ತಿಜ್ಞಾನದ ಮೇಲೆ ನಿಲ್ಲುವಂಥದ್ದು. ಅದನ್ನು ಮಾತ್ರ ಕತ್ತರಿಸಿ ತೆಗೆದು ಅಳೆದರೆ ಸಿಗುವುದು ಬೆರಳಿನ ಚಲನೆಯ ಲೆಕ್ಕ.

ಕೌಶಲ ಯಾರದು

ಎರಡನೆಯ ಪ್ರಶ್ನೆ ಕೌಶಲದ ಒಡೆತನದ್ದು. ಗ್ರಾಮೀಣ ಅಭಿಯಾನ ಮನೆಗೊಬ್ಬರಿಗೆ ಕಲಿಸಿತು. ಒಬ್ಬರು ಕಲಿತರೆ ಮನೆಯವರಿಗೆಲ್ಲ ದಕ್ಕೀತು ಎಂಬ ಊಹೆ ಅದರ ಹಿಂದಿತ್ತು. ಅಸರ್ ಸಮೀಕ್ಷೆಯ ಒಂದು ಅಂಕಿ ಆ ಊಹೆಯನ್ನು ಅಲುಗಾಡಿಸುತ್ತದೆ. ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನು ಇದ್ದರೆ ಹುಡುಗಿಯರಲ್ಲಿ ಶೇ. 19.8ರಷ್ಟು ಮಂದಿಗೆ ಮಾತ್ರ ಇತ್ತು. ಒಂದೇ ಮನೆಯ ಒಂದೇ ಫೋನು ಎಲ್ಲರಿಗೂ ಒಂದೇ ಅಲ್ಲ.

ಆದರೂ ಕೌಶಲವನ್ನು ತೀರ ಒಬ್ಬೊಬ್ಬರ ಸ್ವತ್ತೆಂದು ಬಗೆಯುವುದೂ ಸರಿಯಲ್ಲ. ಮನುಷ್ಯರು ಯಾವಾಗಲೂ ಹಂಚಿಕೊಂಡೇ ಬಲ್ಲವರಾಗಿದ್ದಾರೆ. ಕಂಬಂನ ಒಕ್ಕಲಿಗರು ದೇವರಿಗೆ ಬಿಟ್ಟ ಹಸುಗಳ ಒಂದು ಹಿಂಡನ್ನು ಸಾಕಿಕೊಂಡು ಬಂದಿದ್ದಾರೆ. ತಮಿಳಿನಲ್ಲಿ ಅದಕ್ಕೆ ತಂಬಿರಾನ್ ಮಾಡು ಎಂಬ ಹೆಸರು. 1906ರ ಮದುರೆ ಜಿಲ್ಲಾ ಗೆಜೆಟಿಯರಿನಲ್ಲಿಯೇ ಅದರ ವಿವರ ಇದೆ. ಆ ಹಿಂಡಿನ ಹಸುಗಳನ್ನು ಬೇಸಾಯಕ್ಕೆ ಬಳಸುವುದಿಲ್ಲ. ಅದನ್ನು ಸಲಹುವ ತಿಳಿವಳಿಕೆ ಯಾವ ಒಬ್ಬನದೂ ಅಲ್ಲ, ಇಡೀ ಸಮುದಾಯದ್ದು. ಮಗ್ಗದ ಮನೆಯಲ್ಲಿಯೂ ಹಾಗೆಯೇ. ನೂಲು ಸುತ್ತುವವರು, ಹಾಸು ಹಾಕುವವರು, ನೇಯುವವರು ಸೇರಿ ಒಂದು ಸೀರೆ. ಅವರಲ್ಲಿ ಯಾರೊಬ್ಬರನ್ನೂ ಕೂರಿಸಿ ‘ನಿನಗೊಬ್ಬನಿಗೇ ಸೀರೆ ಮಾಡಲು ಬರುತ್ತದೆಯೆ’ ಎಂದು ಕೇಳಿ ಶೂನ್ಯ ಅಂಕ ಕೊಟ್ಟರೆ ತಪ್ಪು ಪ್ರಶ್ನೆಯದೇ ಹೊರತು ನೇಕಾರನದಲ್ಲ.

ಹಂಚಿಕೊಂಡ ಕೌಶಲ ಯಾವಾಗ ಒಬ್ಬನದೇ ಶಕ್ತಿ ಎನಿಸಿಕೊಳ್ಳುತ್ತದೆ, ಯಾವಾಗ ಪರಾಧೀನತೆ ಎನಿಸಿಕೊಳ್ಳುತ್ತದೆ? ಆ್ಯಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ 1998ರಲ್ಲಿ ಬರೆದ ಒಂದು ಪ್ರಬಂಧ ಇಲ್ಲಿ ನೆರವಾಗುತ್ತದೆ. ಮನಸ್ಸು ತಲೆಬುರುಡೆಯೊಳಗೆ ಮುಗಿಯುವುದಿಲ್ಲ; ಬೇಕೆಂದಾಗ ಸಿಗುವ, ನಂಬಿ ಬಳಸುವ ಹೊರಗಿನ ಸಾಧನವೂ ಅದರ ಭಾಗವಾಗಬಲ್ಲದು ಎಂದು ಅವರು ವಾದಿಸಿದರು. ಇದೇ ಒರೆಗಲ್ಲನ್ನು ಮನುಷ್ಯರ ನೆರವಿಗೂ ಹಚ್ಚಬಹುದು. ಕೇಳಿದಾಗ ಸಿಗುವ, ನಂಬಲು ಯೋಗ್ಯವಾದ, ತಪ್ಪಿದರೆ ಉತ್ತರಿಸಬೇಕಾದ ನೆರವು ಮುದುಕಿಯೊಬ್ಬಳ ಶಕ್ತಿಯನ್ನು ಹೆಚ್ಚಿಸುತ್ತದೆ. ಊರಿಗೆ ಬಂದಾಗ ಮಾತ್ರ ಸಿಗುವ ಮೊಮ್ಮಗನ ಕೈಗೆ, ಪರಿಚಯವಿಲ್ಲದ ಅಂಗಡಿಯವನ ಕೈಗೆ ಪಿನ್ ಸಂಖ್ಯೆ ಒಪ್ಪಿಸಬೇಕಾದ ಸ್ಥಿತಿ ಆ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ರಾಷ್ಟ್ರೀಯ ಸಮೀಕ್ಷೆ ಕೇಳಬೇಕಾದದ್ದು ‘ನಿಮಗೆ ಒಬ್ಬರಿಗೇ ಬರುತ್ತದೆಯೆ’ ಎಂದಷ್ಟೇ ಅಲ್ಲ. ‘ಬಾರದಿದ್ದರೆ ನಂಬುವ ನೆರವು ಎಷ್ಟು ಹತ್ತಿರದಲ್ಲಿದೆ’ ಎಂಬುದನ್ನೂ ಕೇಳಬೇಕು.

ಭಾಷೆಯ ವಿಷಯ ಈ ಜಿಲ್ಲೆಗಳಲ್ಲಿ ಇನ್ನಷ್ಟು ಸೂಕ್ಷ್ಮ. ತಾಯ್ನುಡಿಯಲ್ಲಿ ಸೇವೆ ಕೊಟ್ಟರೆ ತೊಡಕು ತೀರಿತು ಎಂಬುದು ಸಾಮಾನ್ಯ ನಂಬಿಕೆ. ಚಿನ್ನಾಳಪಟ್ಟಿಯ ದೇವಾಂಗ ಅಜ್ಜಿಯ ಫೋನನ್ನು ಕನ್ನಡಕ್ಕೆ ತಿರುಗಿಸಿದರೆ ಪರದೆಯ ಅಕ್ಷರ ಅವಳಿಗೆ ಅಪರಿಚಿತ. ತಮಿಳಿಗೆ ತಿರುಗಿಸಿದರೆ, ಶಾಲೆಗೆ ಹೋಗದವಳಾಗಿದ್ದಲ್ಲಿ, ಅದೂ ಅಪರಿಚಿತವೇ. ಅವಳಿಗೆ ಬೇಕಾದದ್ದು ಅವಳ ಆಡುಮಾತನ್ನು ಕೇಳಿ ತಿಳಿಯುವ, ಅದರಲ್ಲೇ ಮರುನುಡಿಯುವ ವ್ಯವಸ್ಥೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಂಥ ಯೋಜನೆಗಳು ಭಾರತೀಯ ಭಾಷೆಗಳಲ್ಲಿ ಮಾತಿನಿಂದ ಕೆಲಸ ನಡೆಸುವ ದಾರಿ ತೆರೆದಿವೆ. ಶತಮಾನಗಳಿಂದ ತಮಿಳಿನ ನಡುವೆ ಬೆಳೆದ ಈ ಕನ್ನಡದಂಥ ನುಡಿಗಳ ಧ್ವನಿಯನ್ನೂ ಅವು ಸಂಗ್ರಹಿಸಿ ಕಲಿತಾಗ ಮಾತ್ರ ಆ ದಾರಿ ಎಲ್ಲರದಾಗುತ್ತದೆ.

ಅಧಿಕಾರದ ವಿಚಾರ

ಮೂರನೆಯ ಪ್ರಶ್ನೆ ಇವೆರಡಕ್ಕಿಂತ ಭಾರವಾದದ್ದು. ಪೂರ್ವಮೀಮಾಂಸೆಯಲ್ಲಿ ಯಜ್ಞದ ಫಲಕ್ಕೆ ಯಾರು ಅರ್ಹರು ಎಂಬ ಚರ್ಚೆಗೆ ಅಧಿಕಾರ ವಿಚಾರ ಎಂದು ಹೆಸರು. ಜೈಮಿನಿಯ ಸೂತ್ರಗಳ 6ನೆಯ ಅಧ್ಯಾಯದ ವಿಷಯವೇ ಅದು. ಫಲವನ್ನು ಬಯಸುವವನು, ಮಾಡಲು ಶಕ್ತಿಯುಳ್ಳವನು, ಮಾಡುವ ಬಗೆಯನ್ನು ತಿಳಿದವನು ಅಧಿಕಾರಿ ಎಂಬುದು ಮೀಮಾಂಸಕರು ಕೊಟ್ಟ ಲಕ್ಷಣ. ಬಡವನಿಗೂ ಅಧಿಕಾರವುಂಟು, ಹಣವನ್ನು ಸಂಪಾದಿಸಬಹುದಾದ್ದರಿಂದ ಅದರ ಕೊರತೆ ಶಾಶ್ವತವಲ್ಲ ಎಂದು ಜೈಮಿನಿ ಒಪ್ಪುತ್ತಾನೆ. ವಾಸಿಯಾಗಬಲ್ಲ ಅಂಗವೈಕಲ್ಯ ಇರುವವನಿಗೂ ಅಧಿಕಾರ ಕೊಡುತ್ತಾನೆ. ಆದರೆ ಶೂದ್ರರ ವಿಷಯ ಬಂದಾಗ ನಿಲ್ಲುತ್ತಾನೆ. ಎಲ್ಲ ವರ್ಣದವರಿಗೂ ಅಧಿಕಾರವಿದೆ ಎಂದ ಬಾದರಿಯ ಅಭಿಪ್ರಾಯವನ್ನು ಸೂತ್ರದಲ್ಲಿಯೇ ಉಲ್ಲೇಖಿಸಿ ಅದನ್ನು ತಳ್ಳಿಹಾಕುತ್ತಾನೆ. ಉಪನಯನವಿಲ್ಲದ್ದರಿಂದ ವೇದಾಧ್ಯಯನವಿಲ್ಲ, ಅಧ್ಯಯನವಿಲ್ಲದ್ದರಿಂದ ತಿಳಿವಿಲ್ಲ, ತಿಳಿವಿಲ್ಲದ್ದರಿಂದ ಅಧಿಕಾರವಿಲ್ಲ ಎಂಬುದು ಅಲ್ಲಿನ ತರ್ಕ. ಕಲಿಯಲು ಬಿಡದೆ, ಕಲಿತಿಲ್ಲ ಎಂಬ ಕಾರಣಕ್ಕೇ ಹೊರಗಿಡುವ ಈ ಸುಳಿಯಲ್ಲಿ ಕೋಟ್ಯಂತರ ಜನ ಶತಮಾನಗಳ ಕಾಲ ಸಿಕ್ಕಿಕೊಂಡರು. ಶರಣರೂ ಇತರ ಭಕ್ತಿಪಂಥಗಳೂ ಈ ತರ್ಕದ ಬುಡಕ್ಕೇ ಕೈಹಾಕಿ, ದೇವರ ಮುಂದೆ ನಿಲ್ಲಲು ಅರ್ಹತೆಯ ಪರೀಕ್ಷೆ ಬೇಕಿಲ್ಲ ಎಂದು ಸಾರಿದವು.

ಡಿಜಿಟಲ್ ಆಡಳಿತದಲ್ಲಿ ಅದೇ ತರ್ಕ ಗುರುತು ಸಿಗದಂತೆ ಮರಳಿ ಬರಬಲ್ಲದು. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಕೋವಿಡ್ ಲಸಿಕೆ ಆರಂಭವಾದಾಗ ಕೋವಿನ್ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸುವುದು ಕಡ್ಡಾಯವಾಗಿತ್ತು. ಅಂತರಜಾಲ ಬಾರದವರ ಗತಿಯೇನು ಎಂದು ಸುಪ್ರೀಂ ಕೋರ್ಟು ಆ ತಿಂಗಳ ಕೊನೆಯ ತನ್ನ ಆದೇಶದಲ್ಲಿ ಸರ್ಕಾರವನ್ನು ಪ್ರಶ್ನಿಸಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳು ಅಲ್ಲಿ ಬಾರದವರ ಪರವಾಗಿ ಸಾಕ್ಷಿ ಹೇಳಿದವು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಆ್ಯಪ್ ಮೂಲಕ ಫೋಟೋ ಸಹಿತ ದಾಖಲಿಸುವುದು ಕಡ್ಡಾಯವಾಯಿತು. ಬಿಸಿಲಲ್ಲಿ ಮಣ್ಣು ಹೊತ್ತವಳ ಕೂಲಿ ಆಕೆಯ ದುಡಿಮೆಯ ಜೊತೆಗೆ ಮೇಲ್ವಿಚಾರಕರ ಫೋನಿಗೂ ಸಿಗ್ನಲಿಗೂ ಅಂಟಿಕೊಂಡಿತು. ಆಕೆಗೆ ದುಡಿಯಲು ಬರುತ್ತದೆ. ಹಕ್ಕು ಕೈಗೆ ಸೇರಬೇಕಾದರೆ ಬೇರೆ ಯಾರಿಗೋ ಬೇರೊಂದು ಕೌಶಲ ಬರಬೇಕು.

ಹಕ್ಕಿಗೂ ಸಾಮರ್ಥ್ಯಕ್ಕೂ ಇರುವ ಸಂಬಂಧವನ್ನು ಅಮರ್ತ್ಯ ಸೇನ್ 1979ರ ತಮ್ಮ ಉಪನ್ಯಾಸದಿಂದ ಆರಂಭಿಸಿ ತಿರುಗಿಸಿ ಕಟ್ಟಿದರು. ಸಮಾನತೆಯನ್ನು ಅಳೆಯಬೇಕಾದದ್ದು ಕೈಯಲ್ಲಿರುವ ವಸ್ತುಗಳಿಂದಲ್ಲ, ಆ ವಸ್ತುಗಳಿಂದ ಜನ ನಿಜವಾಗಿ ಏನು ಮಾಡಬಲ್ಲರು, ಏನಾಗಬಲ್ಲರು ಎಂಬುದರಿಂದ ಎಂಬುದು ಅವರ ವಾದದ ತಿರುಳು. ಒಂದೇ ಫೋನು ಒಬ್ಬನಿಗೆ ವ್ಯಾಪಾರ, ಇನ್ನೊಬ್ಬನಿಗೆ ಬರಿಯ ಕರೆ, ಮತ್ತೊಬ್ಬಳಿಗೆ ಗಂಡನ ಅನುಮತಿ ಇದ್ದರೆ ಸಿಗುವ ಸೌಲಭ್ಯ. ಸೇನ್ ಅವರ ವಿಚಾರದಲ್ಲಿ ಸಾಮರ್ಥ್ಯ ಹಕ್ಕಿಗೆ ಮೊದಲು ತೋರಿಸಬೇಕಾದ ಟಿಕೆಟ್ಟಲ್ಲ. ಅದು ಸಮಾಜ ಪ್ರತಿಯೊಬ್ಬರಿಗೂ ಒದಗಿಸಿಕೊಡಬೇಕಾದದ್ದು. ಮೀಮಾಂಸೆ ‘ಬಲ್ಲವನಿಗೆ ಅಧಿಕಾರ’ ಎಂದಿತು. ನ್ಯಾಯ ‘ಎಲ್ಲರಿಗೂ ಅಧಿಕಾರ, ಆದ್ದರಿಂದ ಎಲ್ಲರನ್ನೂ ಬಲ್ಲವರಾಗಿಸುವುದು ಕರ್ತವ್ಯ’ ಎನ್ನುತ್ತದೆ.

ಭಾರತದ ಕಾನೂನು ಈ ಕಡೆಗೆ ಹೆಜ್ಜೆ ಇಟ್ಟಿದೆ. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರು, ದೃಷ್ಟಿಹೀನರು ಮುಖ ತೋರಿಸಿ ಗುರುತು ಖಚಿತಪಡಿಸುವ ವಿಧಾನದಿಂದ ಹೊರಗುಳಿದಾಗ ಸುಪ್ರೀಂ ಕೋರ್ಟಿನ ಮೊರೆ ಹೋದರು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ವಾಸಿಯಾಗದ ವೈಕಲ್ಯವುಳ್ಳವನಿಗೆ ಅಧಿಕಾರವಿಲ್ಲ ಎಂದ ಪ್ರಾಚೀನ ಸೂತ್ರಕ್ಕೆ ಆಧುನಿಕ ಗಣರಾಜ್ಯ ಕೊಟ್ಟ ಉತ್ತರವೆಂದು ಈ ತೀರ್ಪನ್ನು ಓದಬಹುದು. ದೇಹವನ್ನು ಯಂತ್ರಕ್ಕೆ ಹೊಂದಿಸಲಾಗದಿದ್ದಾಗ ಯಂತ್ರವನ್ನು ದೇಹಕ್ಕೆ ಹೊಂದಿಸಬೇಕು.

ಕಲಿಕೆಯ ದಾರಿ

ಹಾಗಾದರೆ ಕಲಿಸುವುದು ಹೇಗೆ? ಈ ಪ್ರಶ್ನೆಗೆ ಹಳೆಯದೊಂದು ಉತ್ತರ ಚಿನ್ನಾಳಪಟ್ಟಿಯ ಮಗ್ಗುಲಲ್ಲೇ ಇದೆ. ಗಾಂಧಿಯವರ ಅನುಯಾಯಿಗಳಾದ ಡಾ. ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ 1947ರಲ್ಲಿ ಸಿರುಮಲೆ ಬೆಟ್ಟದ ಬಳಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. 1956ರಲ್ಲಿ ಅಲ್ಲಿ ಆರಂಭವಾದ ಗ್ರಾಮೀಣ ಸಂಸ್ಥೆ 1976ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ಪಡೆಯಿತು. 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡ ನಯೀ ತಾಲೀಮ್ ಅದರ ಹಿಂದಿನ ವಿಚಾರ. ಅಕ್ಷರ ಕಲಿಕೆಯೇ ವಿದ್ಯೆಯ ಆರಂಭವೂ ಅಲ್ಲ, ಅಂತ್ಯವೂ ಅಲ್ಲ; ಉಪಯುಕ್ತವಾದ ಕೈಕೆಲಸವೊಂದರ ಸುತ್ತ ಬುದ್ಧಿ ಮತ್ತು ಹೃದಯ ಎರಡೂ ಬೆಳೆಯಬೇಕು ಎಂಬುದು ಗಾಂಧಿಯವರ ನಿಲುವಾಗಿತ್ತು.

ಡಿಜಿಟಲ್ ಕಲಿಕೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಇ-ಮೇಲ್ ಎಂದರೇನು ಎಂಬ ಪಾಠದಿಂದ ಆರಂಭಿಸಿದ ತರಬೇತಿ ಕೂಲಿಯಾಳಿನ ನೆನಪಿನಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಆಕೆ ಇ-ಮೇಲ್ ಕಳಿಸಬೇಕಾದವರು ಯಾರೂ ಇಲ್ಲ. ತೋಟದ ಕೂಲಿ ಖಾತೆಗೆ ಬಂದಿತೆ ಎಂದು ನೋಡುವುದು, ಪಡಿತರದ ಲೆಕ್ಕ ತಿಳಿಯುವುದು, ಕಾಣೆಯಾದ ಹಣಕ್ಕೆ 1930ಕ್ಕೆ ಕರೆಮಾಡಿ ದೂರು ಕೊಡುವುದು, ಇವು ಆಕೆಯ ಬದುಕಿನಲ್ಲೇ ಇರುವ ಕೆಲಸಗಳು. ದ್ರಾಕ್ಷಿ ಬೆಳೆಗಾರನಿಗೆ ಪೇಟೆಯ ದರ, ನೇಕಾರನಿಗೆ ತನ್ನ ಸೀರೆಯ ಚಿತ್ರ ತೆಗೆದು ಕೊಳ್ಳುವವರಿಗೆ ಕಳಿಸುವುದು, ಅಜ್ಜಿಗೆ ಹೊರದೇಶದಲ್ಲಿರುವ ಮಗಳ ಮುಖ ನೋಡುವುದು. ಕೆಲಸವೇ ಪಾಠವಾದಾಗ ಕೌಶಲ ಮೂರು ತಿಂಗಳ ಬಳಿಕವೂ ಉಳಿಯುತ್ತದೆ.

ಕಲಿಕೆಯ ಜಾಗವೂ ಮುಖ್ಯ. ಕೇರಳದಲ್ಲಿ ಸ್ವಯಂಸೇವಕರು ಮನೆ ಬಾಗಿಲಿಗೇ ಹೋದದ್ದು, ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳಾಗಿಸಿ ಅಲ್ಲಿ ಡಿಜಿಟಲ್ ಕಲಿಕೆಗೆ ಅವಕಾಶ ಮಾಡಿದ್ದು ಇದೇ ಕಾರಣಕ್ಕೆ ಮೆಚ್ಚತಕ್ಕವು. ಪರೀಕ್ಷೆ ಮುಗಿದೊಡನೆ ಬಾಗಿಲು ಹಾಕುವ ತರಬೇತಿ ಕೇಂದ್ರಕ್ಕಿಂತ ವರ್ಷವಿಡೀ ತೆರೆದಿರುವ ಗ್ರಂಥಾಲಯ ಹೆಚ್ಚು ಕಲಿಸುತ್ತದೆ, ಏಕೆಂದರೆ ಆ್ಯಪುಗಳು ಬದಲಾಗುತ್ತಲೇ ಇರುತ್ತವೆ, ಮೋಸದ ಬಗೆಗಳೂ ಬದಲಾಗುತ್ತವೆ. ತೇನಿ, ದಿಂಡಿಗಲ್ಲುಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಬೇರುಬಿಟ್ಟಿವೆ. ವಾರಕ್ಕೊಮ್ಮೆ ಸೇರಿ ಉಳಿತಾಯದ ಲೆಕ್ಕ ಬರೆಯುವ ಹೆಂಗಸರು ಒಬ್ಬರಿಗೊಬ್ಬರು ಕಲಿಸಿದರೆ ಅಲ್ಲಿ ನಂಬಿಕೆ ಮೊದಲೇ ಇರುತ್ತದೆ. ತಪ್ಪು ಒತ್ತಿದರೆ ನಗುವವರಿರುವುದಿಲ್ಲ.

ನ್ಯಾಯವಾದ ಅಳತೆ

ರಾಷ್ಟ್ರಮಟ್ಟದಲ್ಲಿ ಡಿಜಿಟಲ್ ಕೌಶಲವನ್ನು ಅಳೆಯುವುದು ಬೇಡವೆಂದಲ್ಲ. ಎಣಿಸದ ಜನ ಲೆಕ್ಕಕ್ಕೆ ಬರುವುದಿಲ್ಲ. 2021ರಲ್ಲಿ ನ್ಯಾಯಾಲಯದ ಮುಂದೆ ಬಡವರ ಪರ ನಿಂತದ್ದು ಒಂದು ಸಮೀಕ್ಷೆಯೇ. ಆದರೆ ಅಳತೆ ನ್ಯಾಯವಾಗಬೇಕಾದರೆ ನಾಲ್ಕು ಷರತ್ತುಗಳಿವೆ. ಅದು ಕೇಳಿ ಬರೆದುಕೊಳ್ಳುವುದಕ್ಕಿಂತ ಮಾಡಿಸಿ ನೋಡುವುದನ್ನು ಆಧರಿಸಬೇಕು, ಮಾಡದಿರುವ ವಿವೇಕವನ್ನೂ ಪರೀಕ್ಷಿಸಬೇಕು. ವ್ಯಕ್ತಿಯ ಜೊತೆಗೆ ಅವನ ಸುತ್ತಲಿನ ನೆರವನ್ನೂ, ಆ ನೆರವಿನ ನಂಬಿಕೆಯನ್ನೂ ದಾಖಲಿಸಬೇಕು. ಜನ ಓದುವ ಭಾಷೆಯನ್ನಷ್ಟೇ ಅಲ್ಲದೆ ಆಡುವ ಭಾಷೆಯನ್ನೂ ಗುರುತಿಸಬೇಕು; ಕಂಬಂ ಕಣಿವೆಯ ಕನ್ನಡದಂಥ ಮನೆಮಾತುಗಳು ಅದರ ಕಣ್ಣಿಗೆ ಬೀಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಜನರನ್ನು ಅಳೆದಷ್ಟೇ ಕಟ್ಟುನಿಟ್ಟಾಗಿ ಸರ್ಕಾರದ ಆ್ಯಪುಗಳನ್ನೂ ಜಾಲತಾಣಗಳನ್ನೂ ಅಳೆಯಬೇಕು: ಎಷ್ಟು ಜನ ಅರ್ಧದಲ್ಲಿ ಬಿಟ್ಟು ಹೋದರು, ಏಕೆ ಹೋದರು, ಅವರಿಗೆ ಕಾಗದದ ಅಥವಾ ಕೌಂಟರಿನ ಬೇರೆ ದಾರಿ ಇತ್ತೆ?

ಕೊನೆಯ ಷರತ್ತು ಉಳಿದವುಗಳ ಆಧಾರ. ಒಬ್ಬಳು ಕೂಲಿಯಾಳಿಗೆ ಫೋನಿನಲ್ಲಿ ಅರ್ಜಿ ಸಲ್ಲಿಸಲು ಬರುವುದಿಲ್ಲ ಎಂಬುದು ಸಮೀಕ್ಷೆಯಲ್ಲಿ ಕಂಡರೆ ಅದು ಆಕೆಯ ಅನರ್ಹತೆಯ ದಾಖಲೆಯಲ್ಲ, ಸರ್ಕಾರ ಆಕೆಗೆ ಇನ್ನೂ ಸಲ್ಲಿಸಬೇಕಾದ ಋಣದ ದಾಖಲೆ. ಬಾದರಿಯ ಮತ ಮೀಮಾಂಸೆಯಲ್ಲಿ ಸೋತಿತು. ಗಣರಾಜ್ಯದಲ್ಲಿ ಅದು ಗೆಲ್ಲಬೇಕು. ಪಡಿತರ, ಪಿಂಚಣಿ, ಕೂಲಿ, ಚಿಕಿತ್ಸೆ ಇವು ಯಾವುವೂ ಬೆರಳಿನ ಚಾತುರ್ಯಕ್ಕೆ ಕೊಡುವ ಬಹುಮಾನಗಳಲ್ಲ. ಡಿಜಿಟಲ್ ಕೌಶಲ ಎಲ್ಲರಿಗೂ ಬರಲಿ. ಅದು ಬರುವ ತನಕ, ಬಾರದೇ ಉಳಿದರೂ, ಯಾರ ಹಕ್ಕೂ ಕಡಿಮೆಯಾಗಬಾರದು.